ಮಫ್ಲರ್ ಬೇಡ, ಮಂಕಿ ಕ್ಯಾಪ್ ಇರಲಿ

"ಅಮ್ಮ ನವೆಂಬರ್‌ನಲ್ಲಿ ವಿನಿಪೆಗ್‌ಗೆ ಬರ್ತಿದ್ದಾರೆ. ಮಕ್ಕಳಿಗೆ ಟೋಪಿ, ಮಫ್ಲರ್, ಗ್ಲೌಸ್ ಎಲ್ಲಾ ಹೆಣೆದು ತರ್ತೀನಿ ಅಂತ ಕೂತಿದ್ದಾರೆ. ಇಲ್ಲಿಯ ಚಳಿಗೆ ಅದು ಸಾಕಾಗುತ್ತಾ? ಬೇಡ ಅಂದರೆ ಬೇಜಾರು ಮಾಡಿಕೊಳ್ತಾರೆ." ಕೆನಡಾದ ವಿನಿಪೆಗ್‌ನಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಮೊನ್ನೆ ಒಬ್ಬರು ಹೀಗೆ ಕೇಳಿದ್ದರು. ಅದಕ್ಕೆ ನಾಲ್ಕೈದು ಜನ "ಅಂಗಡಿಯಲ್ಲಿ ಸಿಗುತ್ತೆ, ಸುಮ್ನೆ ಯಾಕೆ ಅವರಿಗೆ ತೊಂದರೆ" ಅಂತ ಉತ್ತರ ಕೊಟ್ಟಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೈಕೋಬೇಡಿ.

ಬೇಡ ಅನ್ನಬೇಡಿ. ಆದರೆ ಅವರು ಊರಿನಲ್ಲೇ ಹೆಣೆದು ತರುವುದಕ್ಕಿಂತ ಇಲ್ಲಿಗೆ ಬಂದು ಹೆಣೆಯಲಿ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಬೆಳಗಿನ ಜಾವ 15, 16 ಡಿಗ್ರಿಗೆ ಇಳಿದರೆ ನಮಗೆ ನಡುಕ. ಅಮ್ಮಂದಿರ ಕೈ ಪಳಗಿರುವುದು ಆ ಚಳಿಗೆ. ಇಲ್ಲಿ ಜನವರಿ ರಾತ್ರಿ ಮೈನಸ್ 20 ಅಂದರೆ ಯಾರೂ ತಿರುಗಿಯೂ ನೋಡಲ್ಲ. ಕೈ ಅವರದೇ ಇರಲಿ. ಏನು ಹೆಣೆಯಬೇಕು, ಯಾವ ದಾರದಲ್ಲಿ ಅನ್ನುವುದನ್ನು ಮಾತ್ರ ಈ ಊರಿನ ಗಾಳಿಯನ್ನೂ ಮಕ್ಕಳ ಶಾಲೆಯನ್ನೂ ನೋಡಿ ತೀರ್ಮಾನ ಮಾಡಬೇಕು.

ಮೊದಲು ಮಫ್ಲರ್ ವಿಷಯ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಉದ್ದನೆಯ ತುದಿ ಜಾರುಬಂಡಿಗೋ ಏಣಿಗೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಕೆನಡಾದ ಮಕ್ಕಳ ಡಾಕ್ಟರುಗಳ ಸಂಘ ಕೂಡ ಸ್ಪಷ್ಟವಾಗಿ ಹೇಳುತ್ತದೆ: ಮಫ್ಲರ್ ಬದಲು ನೆಕ್ ವಾರ್ಮರ್ ಹಾಕಿ, ಎರಡು ಮಿಟ್ಟನ್‌ಗೆ (ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಂದೇ ಗೂಡಿನಲ್ಲಿರುವ ಗ್ಲೌಸ್) ದಾರ ಕಟ್ಟಿ ಕುತ್ತಿಗೆಯ ಮೇಲಿಂದ ಇಳಿಬಿಡುವ ಬದಲು ಕ್ಲಿಪ್ ಹಾಕಿ. ಎಷ್ಟೋ ಡೇ ಕೇರ್‌ಗಳಲ್ಲಿ ಮಫ್ಲರ್ ಹಾಕಿ ಕಳಿಸಿದರೆ ಬಿಚ್ಚಿ ಬ್ಯಾಗಿಗೆ ತುರುಕಿ ವಾಪಸ್ ಕಳಿಸುತ್ತಾರೆ. ಹೋದ ವರ್ಷ ಇದೇ ಗುಂಪಿನಲ್ಲಿ ಒಬ್ಬರು "ನಮ್ಮ ಅತ್ತೆ ಕಷ್ಟಪಟ್ಟು ಹೆಣೆದಿದ್ದನ್ನು ಟೀಚರ್ ಬಿಚ್ಚಿಸಿದರು, ಎಷ್ಟು ಸೊಕ್ಕು" ಅಂತ ಬರೆದಿದ್ದರಲ್ಲ, ಅದರಲ್ಲಿ ಸೊಕ್ಕೇನೂ ಇಲ್ಲ. ದೊಡ್ಡವರು ಬೇಕಾದರೆ ಹಾಕಿಕೊಳ್ಳಲಿ, ಬಸ್ ಸ್ಟಾಪಿನಲ್ಲಿ ಮೂಗು ಮುಚ್ಚಿಕೊಳ್ಳಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ನೆಕ್ ವಾರ್ಮರ್ ಹೆಣೆಯುವುದು ಮಫ್ಲರ್‌ಗಿಂತ ಸುಲಭ. ಅದು ಬರೀ ಒಂದು ಕೊಳವೆ. ಐದಾರು ವರ್ಷದ ಮಗುವಿಗೆ, ಮಧ್ಯಮ ದಪ್ಪದ ದಾರದಲ್ಲಿ, ಅಂದರೆ ಲೇಬಲ್ ಮೇಲೆ 4 ಅಂತ ಅಚ್ಚಾಗಿರುವ ದಾರದಲ್ಲಿ, 5 ಮಿ.ಮೀ. ಕಡ್ಡಿಯಲ್ಲಿ 80 ಹೊಲಿಗೆ (ಕಡ್ಡಿಯ ಮೇಲಿನ ಕುಣಿಕೆ) ಹಾಕಿಕೊಳ್ಳಿ. ಎರಡು ಸೀದಾ, ಎರಡು ಉಲ್ಟಾ. ಹಾಗೇ ಸುತ್ತುತ್ತಾ 20 ಸೆಂ.ಮೀ. ಹೋಗಿ ಮುಗಿಸಿ. ಕೊನೆಯಲ್ಲಿ ಕೈ ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ತಲೆ ತೂರುವುದಿಲ್ಲ. ಉಲ್ಟಾ ಸೀದಾ ಸಾಲಾಗಿ ಬಂದಾಗ ಹೆಣಿಗೆ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ ತಲೆಯ ಮೇಲಿಂದ ಇಳಿದು ಕುತ್ತಿಗೆಗೆ ಕೂರುತ್ತದೆ.

ಈಗ ಮಂಕಿ ಕ್ಯಾಪ್. ನಾವೆಲ್ಲ ನಕ್ಕಿದ್ದೇವೆ ಅಲ್ವಾ? ಊಟಿ ಟೂರಿಗೆ ಹೊರಟ ಅಂಕಲ್‌ಗಳು, ಬೆಳಗ್ಗೆ ಆರಕ್ಕೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುವ ತಾತಂದಿರು. ಇಲ್ಲಿ ಅದೇ ಬಲಾಕ್ಲಾವ. ಕ್ರಿಮಿಯಾ ಯುದ್ಧದಲ್ಲಿ ನಡುಗುತ್ತಿದ್ದ ಬ್ರಿಟಿಷ್ ಸೈನಿಕರಿಂದ ಬಂದ ಟೋಪಿ, 1854ರಲ್ಲಿ ಕಾಳಗ ನಡೆದ ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಇತ್ತೀಚೆಗೆ ಇಲ್ಲಿ ಫ್ಯಾಷನ್ ಕೂಡ ಆಗಿದೆ, ಕೈಯಲ್ಲಿ ಹೆಣೆದದ್ದಕ್ಕೆ ಅಂಗಡಿಯವರು ಹೇಳುವ ಬೆಲೆ ಕೇಳಿದರೆ ನಮ್ಮ ಅಜ್ಜಿಯರು ನಕ್ಕುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಡುಪಿಲ್ಲ. ತಲೆ, ಕಿವಿ, ಕೆನ್ನೆ, ಕುತ್ತಿಗೆ ಎಲ್ಲಾ ಒಂದರಲ್ಲೇ ಮುಚ್ಚುತ್ತದೆ. ಜಾರಲ್ಲ, ಗಂಟು ಹಾಕಬೇಕಿಲ್ಲ, ಇಳಿಬೀಳುವ ತುದಿ ಇಲ್ಲ. ಹೆಲ್ಮೆಟ್ ಒಳಗೂ ಹೋಗಲಿ ಅಂದರೆ ಮಾತ್ರ ತೆಳುವಾಗಿ ಹೆಣೆಯಬೇಕು.

ನಮ್ಮ ಅತ್ತೆ ಮೊದಲು ಹೆಣೆದ ಮಂಕಿ ಕ್ಯಾಪ್ ಎರಡು ಉದ್ದ ಕಡ್ಡಿಯಲ್ಲಿ, ಅಗಲಕ್ಕೆ ಹೆಣೆದು ಹಿಂದುಗಡೆ ಹೊಲಿದದ್ದು. ಹೊಲಿಗೆಯ ಏಣು ಸರಿಯಾಗಿ ಹಿಂದಲೆಗೆ ಒತ್ತುತ್ತಿತ್ತು. ಮಗಳು ಹತ್ತು ನಿಮಿಷಕ್ಕೆ ಕಿತ್ತು ಹಾಕಿದಳು. ಆಮೇಲೆ ಅವರಿಗೆ ಸರ್ಕ್ಯುಲರ್ ಕಡ್ಡಿ ತಂದುಕೊಟ್ಟೆ. ಎರಡು ಗಿಡ್ಡ ಕಡ್ಡಿ, ನಡುವೆ ಪ್ಲಾಸ್ಟಿಕ್ ತಂತಿ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನಮ್ಮ, ಬಾಲ ಇರೋ ಕಡ್ಡಿ" ಅಂದರು. ಒಂದು ಸುತ್ತು ಆದ ಮೇಲೆ ಬಿಡಲೇ ಇಲ್ಲ. ಸುತ್ತುತ್ತಾ ಹೆಣೆಯುವಾಗ ಸಾದಾ ಹೆಣಿಗೆಗೆ ಉಲ್ಟಾ ಸಾಲೇ ಬರುವುದಿಲ್ಲ, ಎಲ್ಲಾ ಸೀದಾ, ಹೊಲಿಯುವ ಕೆಲಸವೂ ಇಲ್ಲ. ಅವರು ಈಗ ಮಾಡುವ ರೀತಿ ಹೀಗೆ: ಕುತ್ತಿಗೆಯಿಂದ ಶುರು. 84 ಹೊಲಿಗೆ, ಎರಡು ಸೀದಾ ಎರಡು ಉಲ್ಟಾದಲ್ಲಿ ಒಂದು ಗೇಣಿನಷ್ಟು ಕೊಳವೆ. ಗಲ್ಲದ ಹತ್ತಿರ ಬಂದಾಗ ಮುಂದಿನ 20 ಹೊಲಿಗೆ ಮುಚ್ಚಿಬಿಡಬೇಕು. ಉಳಿದದ್ದನ್ನು ಅಗಲಕ್ಕೆ, ಹೋಗಿ ಬಂದು, 12 ಸೆಂ.ಮೀ. ಹೆಣೆಯಬೇಕು. ಅದು ಮುಖದ ಕಿಟಕಿ. ಹಣೆಯ ಹತ್ತಿರ ಮತ್ತೆ 20 ಹೊಲಿಗೆ ಹಾಕಿಕೊಂಡು ಸುತ್ತು ಕೂಡಿಸಬೇಕು. ಮೇಲೆ ನೆತ್ತಿಗೆ 84ನ್ನು ಏಳು ಭಾಗ ಮಾಡಿದರೆ ತಲಾ 12 ಬರುತ್ತದೆ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಭಾಗದಲ್ಲೂ ಒಂದೊಂದು ಹೊಲಿಗೆ ಕಡಿಮೆ ಮಾಡುತ್ತಾ ಹೋಗುವುದು. ಕೊನೆಗೆ ಕಿಟಕಿಯ ಅಂಚಿನ ಸುತ್ತ ಹೊಲಿಗೆ ಎತ್ತಿಕೊಂಡು ನಾಲ್ಕು ಸುತ್ತು ಬಾರ್ಡರ್. ಇದು ತಲೆಯ ಸುತ್ತಳತೆ 52 ಸೆಂ.ಮೀ. ಹತ್ತಿರ ಇರುವ ಮಗುವಿಗೆ. ಟೇಪ್ ಹಿಡಿದು ನಿಮ್ಮ ಮಗುವಿನ ತಲೆ ಅಳೆದುಕೊಳ್ಳಿ, ವಯಸ್ಸು ನಂಬಬೇಡಿ. ನಮ್ಮ ಮನೆಯಲ್ಲಿ ಐದು ವರ್ಷದವನ ತಲೆ ಎಂಟು ವರ್ಷದವಳಿಗಿಂತ ದೊಡ್ಡದು.

ಎರಡು ಮಾಡಿಸಿಕೊಳ್ಳಿ. ಬಾಯಿಯ ಹತ್ತಿರ ಉಸಿರಿನ ಹಬೆ ಕೂತು ಅಲ್ಲೇ ಮಂಜುಗಡ್ಡೆ ಆಗುತ್ತದೆ. ಒಂದು ಒಣಗುವಾಗ ಇನ್ನೊಂದು ಬೇಕು.

ಕಡ್ಡಿ ನಂಬರಿನ ಬಗ್ಗೆ ಒಂದು ಎಚ್ಚರಿಕೆ, ಇದು ಗೊತ್ತಿಲ್ಲದೆ ಎಷ್ಟೋ ಮನೆಯಲ್ಲಿ ದಾರ ದಂಡ ಆಗಿದೆ. ಊರಿನಲ್ಲಿ ಅಮ್ಮಂದಿರು ಹೇಳುವುದು ಹಳೆಯ ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಇಲ್ಲಿಯ ಅಂಗಡಿಯಲ್ಲಿ ದೊಡ್ಡದಾಗಿ ಬರೆದಿರುವುದು ಅಮೆರಿಕದ ನಂಬರ್, ಅದು ಪೂರ್ತಿ ತಿರುಗುಮುರುಗು. 8 ಅಂದರೆ 5 ಮಿ.ಮೀ., 10 ಅಂದರೆ 6 ಮಿ.ಮೀ. "ಹತ್ತು ನಂಬರ್ ತಗೊಂಡು ಬಾರೋ" ಅಂದರೆ ಮಗ ಪಾಪ ನಿಷ್ಠೆಯಿಂದ ಹತ್ತನ್ನೇ ತರುತ್ತಾನೆ, ಟೋಪಿ ಸೊಳ್ಳೆ ಪರದೆ ಹಾಗಾಗುತ್ತದೆ. ನಂಬರ್ ಬಿಡಿ, ಮಿ.ಮೀ. ಕೇಳಿ. ಎಲ್ಲಾ ಪ್ಯಾಕೆಟ್ಟಿನ ಮೇಲೂ ಇರುತ್ತದೆ.

ದಾರದ ಬಗ್ಗೆ ನನಗೆ ಸ್ವಲ್ಪ ಹಟ ಇದೆ. ಊರಿಂದ ಬರುವ "ಉಲ್ಲನ್ ದಾರ"ದಲ್ಲಿ ಹೆಚ್ಚಿನದು ಅಕ್ರಿಲಿಕ್. ಬಣ್ಣ ಚೆನ್ನಾಗಿರುತ್ತದೆ, ಮೆಷಿನ್‌ಗೆ ಹಾಕಬಹುದು, ಬೆಲೆ ಕಡಿಮೆ. ಬೆಂಗಳೂರಿಗೆ ಅಷ್ಟು ಸಾಕು. ಇಲ್ಲಿ ಮಕ್ಕಳು ಹಿಮದಲ್ಲಿ ಓಡಿ ಬೆವರುತ್ತಾರೆ, ಆಮೇಲೆ ನಿಂತುಬಿಡುತ್ತಾರೆ. ಅಕ್ರಿಲಿಕ್ ಬೆವರನ್ನು ಹೀರಿಕೊಳ್ಳುವುದಿಲ್ಲ, ತಣ್ಣಗೆ ಹಣೆಗೆ ಅಂಟಿಕೊಳ್ಳುತ್ತದೆ. ನಿಜವಾದ ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್‌ವರೆಗೆ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ಗದ್ದೆ ಕೆಲಸ ಮಾಡಿದವರನ್ನು ನೋಡಿದ್ದೀರಲ್ಲ, ಮೇಲೆ ತೊಟ್ಟಿಕ್ಕುತ್ತಿದ್ದರೂ ಒಳಗೆ ಬೆಚ್ಚಗೇ ಇರುತ್ತದೆ.

ಆದರೆ ಕಂಬಳಿಯ ಉಣ್ಣೆ ಒರಟು, ಚುಚ್ಚುತ್ತದೆ. ಮೈಗೆ ತಾಗುವುದಕ್ಕೆ ಮೆರಿನೊ ಕುರಿಯ ಉಣ್ಣೆ ಬೇಕು, ಅದರ ಎಳೆ ತೀರಾ ನಯ. ಲೇಬಲ್ ಮೇಲೆ "ಸೂಪರ್‌ವಾಶ್" ಅಂತ ಇದೆಯೇ ನೋಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು ಮತ್ತು ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗುತ್ತದೆ. ಸೂಪರ್‌ವಾಶ್ ಅಂದರೆ ಆ ಪೊರೆಗಳನ್ನು ಮೊದಲೇ ನುಣುಪು ಮಾಡಿದ್ದು, ಮೆಷಿನ್‌ಗೆ ಹಾಕಬಹುದು. ಹಾಗೆ ಮಾಡದ ಉಣ್ಣೆ ಟೋಪಿಯನ್ನು ಗಂಡಂದಿರು ಉಳಿದ ಬಟ್ಟೆಯ ಜೊತೆ ಡ್ರೈಯರ್‌ಗೆ ಹಾಕಿದರೆ ಮುಗಿಯಿತು, ಮಗಳ ಗೊಂಬೆಗೆ ಹಾಕಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಸೂಪರ್‌ವಾಶ್ ತಗೊಳ್ಳಿ. ಚುಚ್ಚುತ್ತೆ ಅಂತ ಹಟ ಮಾಡುವ ಮಕ್ಕಳಿಗೆ ಹಣೆಯ ಭಾಗದಲ್ಲಿ ಒಳಗಡೆ ಫ್ಲೀಸ್ ಬಟ್ಟೆಯ ಪಟ್ಟಿ ಹೊಲಿಯಿರಿ. ಗಾಳಿಯೂ ಕಡಿಮೆ ನುಗ್ಗುತ್ತದೆ.

ಗಾಳಿಯೇ ಇಲ್ಲಿ ನಿಜವಾದ ಶತ್ರು. ಹೆಣಿಗೆ ಅಂದರೆ ಎಷ್ಟಾದರೂ ತೂತು. ವಿಂಡ್‌ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ಅನ್ನಿಸುವ ಚಳಿ, ಮೈನಸ್ 28ಕ್ಕೆ ಇಳಿದರೆ ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಮರಗಟ್ಟಬಹುದು, ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು ಅಂತ ಇಲ್ಲಿಯ ಹವಾಮಾನ ಇಲಾಖೆ ಎನ್ವಿರಾನ್‌ಮೆಂಟ್ ಕೆನಡಾ ಹೇಳುತ್ತದೆ. ಶಾಲೆಗಳು ಅಷ್ಟು ಚಳಿಗೆ ಮಕ್ಕಳನ್ನು ಒಳಗೇ ಇಟ್ಟುಕೊಳ್ಳುತ್ತವೆ. ಆದರೆ ಮೈನಸ್ 20 ಅಂದರೆ ಧಾರಾಳವಾಗಿ ಆಡಲು ಬಿಡುತ್ತಾರೆ. ಹೊಸದಾಗಿ ಬಂದವರು ಇದನ್ನು ಕೇಳಿ ಹೌಹಾರುತ್ತಾರೆ. ಹಾಗಾಗಿ ಹೆಣೆದ ಟೋಪಿಯ ಮೇಲೆ ಜಾಕೆಟ್ಟಿನ ಹುಡ್, ಹೆಣೆದ ಮಿಟ್ಟನ್ ಮೇಲೆ ನೈಲಾನ್ ಕವರ್. ಕವರ್ ಅಂಗಡಿಯದು, ಒಳಗಿನ ಬೆಚ್ಚಗೆ ಅಜ್ಜಿಯದು.

ಮಿಟ್ಟನ್ ವಿಷಯದಲ್ಲಿ ಅಜ್ಜಿಯರು ಒಂದು ಜಗಳ ತೆಗೆಯುತ್ತಾರೆ. "ಐದು ಬೆರಳಿಗೂ ಬೇರೆ ಬೇರೆ ಮಾಡಿದರೆ ಚೆಂದ, ಇದೇನು ಚೀಲದ ಥರ?" ಅಂತ. ಚೆಂದ ಹೌದು, ಬೆಚ್ಚಗಿರಲ್ಲ. ನಾಲ್ಕು ಬೆರಳು ಒಂದೇ ಕಡೆ ಇದ್ದರೆ ಒಂದರ ಕಾವು ಇನ್ನೊಂದಕ್ಕೆ. ಅದೂ ಅಲ್ಲದೆ ಇಪ್ಪತ್ತು ಮಕ್ಕಳಿಗೆ ಒಂದೊಂದೇ ಬೆರಳು ತೂರಿಸುತ್ತಾ ಕೂರಲು ಕಿಂಡರ್‌ಗಾರ್ಟನ್ ಟೀಚರ್‌ಗೆ ಪುರುಸೊತ್ತೆಲ್ಲಿ? ಮಣಿಕಟ್ಟಿನ ಪಟ್ಟಿ ಮಾತ್ರ ಉದ್ದ ಇರಲಿ, 10 ಸೆಂ.ಮೀ. ಆದರೂ ಬೇಕು. ಜಾಕೆಟ್ಟಿನ ತೋಳಿನೊಳಗೆ ಸೇರಿಸಿದರೆ ಹಿಮ ಒಳಗೆ ಹೋಗುವುದಿಲ್ಲ. ಟೋಪಿಗೆ 5 ಮಿ.ಮೀ. ಹಿಡಿದರೆ ಅದೇ ದಾರಕ್ಕೆ ಮಿಟ್ಟನ್‌ಗೆ 4 ಹಿಡಿಯಿರಿ. ಬಿಗಿ ಇರಬೇಕು.

ಇನ್ನೂ ಬೆಚ್ಚಗೆ ಬೇಕು ಅಂದರೆ ನ್ಯೂಫೌಂಡ್‌ಲ್ಯಾಂಡ್ ಕಡೆಯ ಥ್ರಮ್ ಮಿಟ್ಟನ್ ಕಲಿಯಿರಿ. ನೂಲದೇ ಇರುವ ಬಿಡಿ ಉಣ್ಣೆಯನ್ನು ಬೆರಳಷ್ಟು ಉದ್ದಕ್ಕೆ ಎಳೆದು, ಮಡಚಿ, ನಡುವೆ ಸ್ವಲ್ಪ ಹೊಸೆದು, ಮೂರು ಹೊಲಿಗೆ ಆದ ಮೇಲೆ ನಾಲ್ಕನೆಯದರ ಜೊತೆ ಸೇರಿಸಿ ಹೆಣೆಯುತ್ತಾರೆ. ಮೂರು ಸುತ್ತು ಬರಿದೇ, ನಾಲ್ಕನೆಯ ಸುತ್ತಿನಲ್ಲಿ ಮತ್ತೆ ಹಾಗೇ. ಹೊರಗಡೆ ಸಣ್ಣ ಸಣ್ಣ ಬೊಟ್ಟು ಮೂಡುತ್ತದೆ. ಒಳಗಡೆ ಪೂರ್ತಿ ಉಣ್ಣೆಯ ಗುಡ್ಡೆ. ಹಾಕಿಕೊಂಡಷ್ಟೂ ಕೈಯ ಬೆವರಿಗೆ, ತಿಕ್ಕಾಟಕ್ಕೆ ಒಳಗಿನ ಉಣ್ಣೆ ಒತ್ತಾಗಿ ಕೂರುತ್ತದೆ. ಅತ್ತೆಗೆ ಮೊದಲು ಇದು ಕೊಳಕು ಕೆಲಸ ಅನ್ನಿಸಿತ್ತು, "ಒಳಗಡೆ ನೋಡಿದರೆ ಹಾಸಿಗೆ ಹರಿದ ಹಾಗಿದೆ" ಅಂದರು. ತಾವೇ ಒಮ್ಮೆ ಕೈ ತೂರಿಸಿ ನೋಡಿ, ತಮಗೂ ಒಂದು ಜೊತೆ ಮಾಡಿಕೊಂಡರು.

ಮಿಟ್ಟನ್ ಮಾತು ಬಂತಲ್ಲ, ಬೇಸಿಗೆಯಲ್ಲಿ ಒಂದು ದಿನ ಗಿಮ್ಲಿ ಊರಿಗೂ ಹೋಗಿಬನ್ನಿ. ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿ, ವಿನಿಪೆಗ್ ಸರೋವರದ ದಡ. 1875ರ ಅಕ್ಟೋಬರ್‌ನಲ್ಲಿ, ಚಳಿ ಶುರುವಾಗುವ ಹೊತ್ತಿಗೆ ಸರಿಯಾಗಿ, ಐಸ್‌ಲ್ಯಾಂಡ್‌ನವರು ಬಂದಿಳಿದ ಜಾಗ ಅದು. ಮೊದಲ ಚಳಿಗಾಲದಲ್ಲಿ ತುಂಬಾ ಕಷ್ಟಪಟ್ಟರು. ಇವತ್ತಿಗೂ ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಅವರ ಹಬ್ಬ ನಡೆಯುತ್ತದೆ. ಅವರ ಹಿರಿಯರ ದೇಶದ ಬೆಸ್ತರು ಹಾಕುತ್ತಿದ್ದ ಮಿಟ್ಟನ್‌ಗೆ ಎರಡು ಹೆಬ್ಬೆರಳು. ಹಗ್ಗ ಎಳೆದೆಳೆದು ಅಂಗೈ ಕಡೆ ಒದ್ದೆಯಾದರೆ, ಸವೆದರೆ, ತಿರುಗಿಸಿ ಹಾಕಿಕೊಳ್ಳಬಹುದು. ನನ್ನ ಮಗ ಇದನ್ನು ಕೇಳಿದ ಮೇಲೆ ಮೂರು ಹೆಬ್ಬೆರಳಿನದು ಬೇಕು ಅಂತ ಅಜ್ಜಿಯ ಹಿಂದೆ ಬಿದ್ದಿದ್ದಾನೆ.

ಹಸುಗೂಸಿಗೆ ಹೆಣೆಯುವವರಿಗೆ ಎರಡು ಮಾತು. ಕುಲಾವಿಗೆ ಗಲ್ಲದ ಕೆಳಗೆ ಕಟ್ಟುವ ಲಾಡಿ, ಗುಂಡಿ, ಮಣಿ ಬೇಡ. ಮಿಟ್ಟನ್‌ಗೆ ಹೆಬ್ಬೆರಳೂ ಬೇಡ. ಕಾರ್ ಸೀಟಿನಲ್ಲಿ ದಪ್ಪ ಸ್ನೋಸೂಟ್ ಹಾಕಿ ಬೆಲ್ಟ್ ಬಿಗಿದರೆ ಬೆಲ್ಟ್ ಸರಿಯಾಗಿ ಕೂರುವುದಿಲ್ಲ. ತೆಳು ಬಟ್ಟೆಯಲ್ಲಿ ಬೆಲ್ಟ್ ಬಿಗಿದು, ಟೋಪಿ ಹಾಕಿ, ಆಮೇಲೆ ಮೇಲಿಂದ ಅಜ್ಜಿಯ ಹೆಣಿಗೆಯ ಹೊದಿಕೆ ಹೊದಿಸಿ. ಮನೆಯೊಳಗೆ ಬಂದ ತಕ್ಷಣ ಟೋಪಿ ತೆಗೆಯಿರಿ, ಮಲಗಿಸುವಾಗ ಹಾಕಲೇಬೇಡಿ. ಈ ಕೊನೆಯದಕ್ಕೆ ಮನೆಯಲ್ಲಿ ಯುದ್ಧ ಆಗುತ್ತದೆ, ಗೊತ್ತು. ಬಾಣಂತಿಯ ಕಿವಿಗೇ ಹತ್ತಿ ತುರುಕುವ ಮನೆಗಳಿಂದ ಬಂದವರು ನಾವು. ಆದರೆ ಇಲ್ಲಿ ಮನೆಯೊಳಗೆ ಹೀಟರ್ ಇರುತ್ತದೆ. ಮಗುವಿಗೆ ಸೆಕೆ ಜಾಸ್ತಿಯಾಗುವುದೂ ಅಪಾಯ. ಇದನ್ನು ಸೊಸೆ ಹೇಳುವುದಕ್ಕಿಂತ ನರ್ಸ್ ಬಾಯಿಂದ ಹೇಳಿಸಿದರೆ ಕೆಲಸ ಬೇಗ ಆಗುತ್ತದೆ.

ಗಂಡಸರಿಗೆ ಕಪ್ಪು ಟೋಪಿ, ಮಡಚಿದ ಅಂಚು. ಇಲ್ಲಿ ಅದನ್ನು ಟೂಕ್ ಅನ್ನುತ್ತಾರೆ. ಬೇರೆ ಬಣ್ಣದಲ್ಲಿ ಹೆಣೆದರೆ ಹಾಕಲ್ಲ, ಅಷ್ಟೇ.

ಹತ್ತು ದಾಟಿದ ಮಕ್ಕಳಿಗೆ ಕೇಳದೆ ಏನೂ ಹೆಣೆಯಬೇಡಿ. ಅಂಗಡಿಗೆ ಕರೆದುಕೊಂಡು ಹೋಗಿ, ದಾರ ಅವರೇ ಆರಿಸಲಿ. ಅಜ್ಜಿಗೆ ಇಷ್ಟವಾದ ಹಳದಿ, ಗುಲಾಬಿ ಎರಡೂ ಸೇರಿದ ಟೋಪಿ ಶಾಲೆಯ ಗೇಟ್ ತನಕ ತಲೆಯ ಮೇಲಿರುತ್ತದೆ, ಆಮೇಲೆ ಬ್ಯಾಗಿನಲ್ಲಿ. ಚಿಕ್ಕವರದು ಕಳೆದುಹೋಗುವ ಕಾಟ. ಅತ್ತೆ ಎಲ್ಲಾ ಮಿಟ್ಟನ್ ಪಟ್ಟಿಯ ಮೇಲೂ ಬೇರೆ ಬಣ್ಣದ ದಾರದಲ್ಲಿ ದೊಡ್ಡ "ಅ" ಹೊಲಿದಿದ್ದಾರೆ, ಮಗನ ಹೆಸರಿನ ಮೊದಲ ಅಕ್ಷರ. ಇಡೀ ಶಾಲೆಯಲ್ಲಿ ಕನ್ನಡದ ಅಕ್ಷರ ಇರುವುದು ಅವನ ಮಿಟ್ಟನ್ ಮೇಲೆ ಮಾತ್ರ. ಲಾಸ್ಟ್ ಆಂಡ್ ಫೌಂಡ್ ಪೆಟ್ಟಿಗೆಗೆ ಬಿದ್ದರೂ ಸಂಜೆಗೆ ಕ್ಲಾಸಿಗೇ ವಾಪಸ್ ಬರುತ್ತದೆ.

ಕೊನೆಯದಾಗಿ ಅಮ್ಮ, ಅತ್ತೆಯರ ಬಗ್ಗೆ. ಇಲ್ಲಿ ನೆಲೆಸಿದವರ ಅಪ್ಪ ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾದಲ್ಲಿ ಬಂದವರು 2022ರಿಂದ ಒಂದೇ ಸಲಕ್ಕೆ 5 ವರ್ಷದವರೆಗೂ ಇರಬಹುದು. ಇರಬಹುದು ಸರಿ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುವ ಊರಿನಲ್ಲಿ ಇಡೀ ದಿನ ಏನು ಮಾಡಬೇಕು? ಟಿವಿ ಎಷ್ಟು ಅಂತ ನೋಡುತ್ತಾರೆ? ನಮ್ಮ ಹತ್ತಿರದ ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಹೆಣೆಯುವವರು ಸೇರುತ್ತಾರೆ. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊದಲ ದಿನ ಪಕ್ಕದಲ್ಲಿ ಕೂತಿದ್ದ ಉಕ್ರೇನ್ ಮೂಲದ ಒಬ್ಬ ಅಜ್ಜಿ ಅತ್ತೆಯ ಕೈಯನ್ನೇ ನೋಡುತ್ತಿದ್ದರು. ಅತ್ತೆ ದಾರವನ್ನು ಬಲಗೈಯಲ್ಲಿ ಹಿಡಿದು ಕಡ್ಡಿಯ ಮೇಲೆ ಸುತ್ತುತ್ತಾರೆ. ಆ ಅಜ್ಜಿ ಎಡಗೈ ಬೆರಳಿಗೆ ದಾರ ಸುತ್ತಿಕೊಂಡು ಕಡ್ಡಿಯ ತುದಿಯಿಂದ ಪಟಪಟ ಎಳೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಕಡ್ಡಿ ಬದಲಾಯಿಸಿಕೊಂಡು, ಒಬ್ಬರ ರೀತಿ ಇನ್ನೊಬ್ಬರು ಮಾಡಲು ಹೋಗಿ ದಾರ ಗೋಜಲು ಮಾಡಿಕೊಂಡು ನಗುತ್ತಾ ಕೂತಿದ್ದರು. ಈಗ ಸ್ನೋ ಬಿದ್ದರೂ ಆ ದಿನ ತಪ್ಪಿಸಲ್ಲ. ಒಳ್ಳೆ ಗ್ರಿಪ್ ಇರುವ ಬೂಟು ಕೊಡಿಸಿ, ಕಳಿಸಿ.

ಮಗಳಿಗೂ ಕಡ್ಡಿ ಹಿಡಿಸಿದ್ದಾರೆ. ಎಣಿಸುವುದು ಕನ್ನಡದಲ್ಲೇ ಆಗಬೇಕು, ಅತ್ತೆಗೆ ಬೇರೆ ಲೆಕ್ಕ ತಲೆಗೆ ಹೋಗಲ್ಲ. ಇಪ್ಪತ್ತರವರೆಗೆ ಮಾತ್ರ ಬರುತ್ತಿದ್ದ ಹುಡುಗಿ ಈಗ "ಎಂಬತ್ತಮೂರು, ಎಂಬತ್ತನಾಲ್ಕು" ಅಂತ ಹೇಳುತ್ತಾಳೆ. ಎಪ್ಪತ್ತೊಂಬತ್ತು ಬಂದಾಗ ಮಾತ್ರ ಇನ್ನೂ ನಾಲಿಗೆ ತಡವರಿಸುತ್ತದೆ.

ಪ್ರಶ್ನೆ ಕೇಳಿದ್ದವರಿಗೆ ಚುಟುಕಾಗಿ: ಅಮ್ಮ ತಮ್ಮ ಹಳೆಯ ಕಡ್ಡಿಗಳನ್ನು ತರಲಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಲಿ. ದಾರ ಇಲ್ಲೇ ತಗೊಳ್ಳಿ. ನನ್ನ ಹತ್ತಿರ 5 ಮಿ.ಮೀ. ಸರ್ಕ್ಯುಲರ್ ಕಡ್ಡಿ ಒಂದು ಹೆಚ್ಚಿಗೆ ಇದೆ, 40 ಸೆಂ.ಮೀ. ಉದ್ದದ್ದು, ಮಕ್ಕಳ ಟೋಪಿಗೆ ಸರಿಯಾಗುತ್ತದೆ. ಥ್ರಮ್ ಮಾಡಲು ಬಿಡಿ ಉಣ್ಣೆಯೂ ಅರ್ಧ ಚೀಲ ಉಳಿದಿದೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೇಗೂ ಎಲ್ಲರೂ ಬರ್ತೀರಲ್ಲ, ಬೇಕಾದವರು ಮೊದಲೇ ಒಂದು ಮೆಸೇಜ್ ಹಾಕಿ, ತಂದುಕೊಡುತ್ತೇನೆ.